ಅಮ್ಮನ ಕುಡ್ತೆ ಮತ್ತು ಫಾಸ್ಟರ್ ಸಿಟಿಯ ಮೀನಂಗಡಿ

ನಮ್ಮ ಮೀನಂಗಡಿಯ ಚರಿತ್ರೆಯನ್ನು ಈಗ ಗೋಡೆಯ ಮೇಲೆ ಬರೆಸಿದ್ದಾರೆ. ಮಗಳು ಫೋನಿನಲ್ಲಿ ಅದರ ಫೋಟೋ ತೋರಿಸಿದಳು. ಇಂಗ್ಲೆಂಡಿನಿಂದ ಬಂದ ಒಬ್ಬ ಮುದುಕ ಶುರುಮಾಡಿದ್ದು, ಆಮೇಲೆ ಒಂದು ಭಾರತೀಯ ಕುಟುಂಬ ನಡೆಸಿದ್ದು, ತಲೆಮಾರುಗಳಿಂದ ಬಂದ ಗುಟ್ಟಿನ ಹಿಟ್ಟು, ಹೀಗೆ ಆರೇಳು ಸಾಲು. ಕೆಳಗೊಂದು ಚಿತ್ರ. ಹಿಟ್ಟಿನ ಪಾತ್ರೆಯೊಳಗೆ ಎರಡು ಕೈ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಎಣ್ಣೆ ಸಿಡಿದ ಕಲೆಯಿದೆ. ಅದು ನನ್ನ ಕೈ. ಮುಖವಿಲ್ಲ, ಹೆಸರಿಲ್ಲ. ಬರೆದವರು ಬರೆದುಕೊಳ್ಳಲಿ, ನನ್ನ ಪಾಲಿನ ಚರಿತ್ರೆಯನ್ನು ನಾನು ಬರೆಯುತ್ತೇನೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಅದನ್ನು ಮುಚ್ಚಿಟ್ಟು ದೊಡ್ಡತನ ತೋರುವ ಆಸೆ ನನಗಿಲ್ಲ.

ನಾವು ಕುಂದಾಪುರದ ಕಡೆಯವರು, ಓದಿದ್ದು ಬೆಳೆದದ್ದು ಬೆಂಗಳೂರಿನಲ್ಲಿ. ನಾನು ಮದುವೆಯಾಗಿ ಕಡಲಾಚೆಯ ಸನ್ನಿವೇಲಿಗೆ ಬಂದೆ. ಅಣ್ಣ ಹಡಗಿನಲ್ಲಿ ಅಡುಗೆ ಮಾಡಿಕೊಂಡು ಊರೂರು ಸುತ್ತಿ, ಕೊನೆಗೆ ನಮಗೆ ಹತ್ತಿರದ ಫಾಸ್ಟರ್ ಸಿಟಿಯಲ್ಲಿ ಒಬ್ಬ ಮುದುಕನ ಅಂಗಡಿಯ ಕೆಲಸ ಹಿಡಿದ. ಮೀನಿನ ದಪ್ಪ ಹೋಳನ್ನು ಹಿಟ್ಟಿನಲ್ಲಿ ಅದ್ದಿ ಕರಿದು, ಜೊತೆಗೆ ಬೆರಳುದ್ದದ ಆಲೂಗಡ್ಡೆ ಕರಿದು, ಕಾಗದದಲ್ಲಿ ಸುತ್ತಿ, ಮೇಲೆ ವಿನೆಗರ್ ಚಿಮುಕಿಸಿ ಕೊಡುವ ಅಂಗಡಿ. ನಮ್ಮೂರಿನವರಿಗೆ ಹೇಳಿದರೆ ಮೀನಿನ ಬಜ್ಜಿ ಎನ್ನುತ್ತಿದ್ದರು. ಮುದುಕನಿಗೆ ಮಕ್ಕಳಿರಲಿಲ್ಲ. ಮಂಡಿ ಕೈಕೊಟ್ಟಾಗ ಅಂಗಡಿಯನ್ನು ಅಣ್ಣನಿಗೇ ವಹಿಸಿ, ಕೌಂಟರಿನ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಸಾಯುವವರೆಗೂ ಕೂತು ಬೈದ. ಅತ್ತಿಗೆಗೆ ಸ್ಯಾನ್ ರಮೋನಿನಲ್ಲಿ ಆಫೀಸಿನ ಕೆಲಸ, ಮೀನಿನ ವಾಸನೆ ಆಗದು. 'ಒಂದು ವಾರ ಬಂದು ಕೈ ಜೋಡಿಸು' ಎಂದು ಅಣ್ಣ ನನ್ನನ್ನು ಕರೆದ. ಆ ಒಂದು ವಾರ ಮುಗಿಯಲು ಇಪ್ಪತ್ತು ವರ್ಷದ ಮೇಲಾಯಿತು.

ಮುದುಕ ಮೈದಾ ಹಿಟ್ಟನ್ನು ಬಿಯರ್ ಹಾಕಿ ಕಲಸುತ್ತಿದ್ದ. ನೊರೆಯಿಂದ ಹಿಟ್ಟು ಹಗುರಾಗುತ್ತದೆ ಎಂದು ಅವನ ವಾದ. ಈಸ್ಟರಿಗೆ ಮುಂಚಿನ ಒಂದು ಶುಕ್ರವಾರ, ವ್ರತಕ್ಕೆಂದು ಮಾಂಸ ಬಿಟ್ಟ ಕ್ರೈಸ್ತರೆಲ್ಲ ಮೀನಿಗೆ ಸಾಲು ನಿಲ್ಲುವ ದಿನ, ಬಿಯರ್ ತರುವ ಲಾರಿ ಬರಲೇ ಇಲ್ಲ. ಆಗ ಅಮ್ಮ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದಳು. ಹಿಂದಿನ ದಿನ ಅವಳು ಅಕ್ಕಿಯ ಜೊತೆ ಒಂದು ಹಿಡಿ ಉದ್ದು ರುಬ್ಬಿಟ್ಟಿದ್ದ ಹಿಟ್ಟು ಮನೆಯಲ್ಲಿ ಉಬ್ಬಿ ಕೂತಿತ್ತು. ಅಮ್ಮ ಹೇಳಿದಂತೆ ಅದನ್ನೇ ತಂದು ಮೈದಾ, ಐಸ್ ನೀರು ಸೇರಿಸಿ ಕಲಸಿದೆ. ಮೊದಲ ಮೀನು ಎಣ್ಣೆಯಿಂದ ಎದ್ದಾಗ ಮುದುಕ ಸ್ಟೂಲಿನಿಂದ ಇಳಿದು ಬಂದ. ಒಂದು ತುಂಡು ತಿಂದ, ಇನ್ನೊಂದು ತಿಂದ, ಏನೂ ಬೈಯದೆ ಹೋಗಿ ಕೂತ. ಅಂದಿನಿಂದ ಅಂಗಡಿಗೆ ಅದೇ ಹಿಟ್ಟು. ಬಿಯರ್ ಇಲ್ಲ ಎಂದು ಗೊತ್ತಾದ ಮೇಲೆ ಇಲ್ಲಿ ನೆಲೆಸಿದ್ದ ಮೈಸೂರಿನ, ಹುಬ್ಬಳ್ಳಿಯ ಮುಸ್ಲಿಂ ಕುಟುಂಬಗಳು ಮಕ್ಕಳು ಮರಿ ಸಮೇತ ಬರತೊಡಗಿದವು. ಪಕ್ಕದ ಔಷಧಿ ಕಂಪನಿಯವರು ಕೊರಳಿನ ಬ್ಯಾಡ್ಜು ಬೆನ್ನಿಗೆ ಎಸೆದುಕೊಂಡು ಮಧ್ಯಾಹ್ನ ಸಾಲು ನಿಲ್ಲುತ್ತಿದ್ದರು.

ಆ ಹಿಟ್ಟಿಗೆ ಅಳತೆ ಎಂದರೆ ಅಮ್ಮನ ಕುಡ್ತೆ. ನಮ್ಮ ಕಡೆ ಅಕ್ಕಿ ಅಳೆಯುವ ಪುಟ್ಟ ಹಿತ್ತಾಳೆ ಪಾತ್ರೆ ಅದು. ಅಮ್ಮನಿಗೆ ಅವಳ ಅತ್ತೆ ಕೊಟ್ಟದ್ದು, ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಸುತ್ತಿ ತಂದಿದ್ದಳು. ಊರಿಗೆ ಹೊರಟ ದಿನ ಅದನ್ನು ನನ್ನ ಕೈಗಿಟ್ಟು ಹೇಳಿದಳು. 'ಇದ್ ನಿನ್ನ ಅಣ್ಣನ ಸೊಸಿಗೆ. ಅವಳ್ ಬಪ್ಪಲ್ಲಿವರಿಗೆ ನೀನ್ ಇಟ್ಕೋ. ಮನಿ ಹೆಣ್ಣಿನ ಕೈಯಂಗೇ ಇರ್ಕ್ ಮಗಾ, ಹೊರ್ಗಿನೋರಿಗೆ ಕೊಡೂಕಾಗ.' ಸೊಸೆ ಬರುವವರೆಗೆ ಅದಕ್ಕೆ ನಾನು ಕಾವಲು, ಅಣ್ಣನ ಮಗನಿಗೆ ಆಗಿನ್ನೂ ಹಲ್ಲು ಬೀಳುವ ವಯಸ್ಸು. ಅಣ್ಣನಿಗೆ ನಾನು ಅಂದೇ ಹೇಳಿದೆ, ನನಗೆ ಬೇರೇನೂ ಬೇಡ, ಈ ಹಿಟ್ಟು ಮನೆಯಿಂದ ಆಚೆ ಹೋಗಬಾರದು. 'ನಿನ್ನ ಹಿಟ್ಟು ಯಾರಿಗೆ ಬೇಕು ಮಾರಾಯ್ತಿ, ನೀನೇ ಇಟ್ಕೋ' ಎಂದು ನಕ್ಕಿದ್ದ.

ಅಮ್ಮ ಬಿಟ್ಟು ಹೋದ ಇನ್ನೊಂದು ಕಟ್ಟಳೆ ಸೋಮವಾರದ್ದು. ನಮ್ಮಲ್ಲಿ ಸೋಮವಾರ ಒಲೆಗೆ ಮೀನು ಏರಿಸುವುದಿಲ್ಲ. ಅಣ್ಣ ಬಾಗಿಲಿಗೆ 'ಸೋಮವಾರ ರಜ' ಎಂದು ಬೋರ್ಡು ತೂಗಿಹಾಕಿದ. ಭಾನುವಾರ ದೋಣಿಗಳು ಹೋಗುವುದಿಲ್ಲ, ಸೋಮವಾರ ತಾಜಾ ಮೀನು ಸಿಗುವುದಿಲ್ಲ, ಇವರು ಎಷ್ಟು ಪ್ರಾಮಾಣಿಕರು ಎಂದು ಗಿರಾಕಿಗಳು ತಾವೇ ಅರ್ಥ ಮಾಡಿಕೊಂಡು ಮೆಚ್ಚಿದರು. ನಾವು ತಿದ್ದಲಿಲ್ಲ. ಸೋಮವಾರ ನಾನು ತಲೆಗೆ ಸ್ನಾನ ಮಾಡಿ, ವಾರದ ಎಣ್ಣೆ ಜಿಡ್ಡನ್ನೆಲ್ಲ ತೊಳೆದು, ಸನ್ನಿವೇಲಿನ ದೇವಸ್ಥಾನಕ್ಕೆ ಹೋಗುತ್ತಿದ್ದೆ.

ಮಗಳ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಹದಿನಾಲ್ಕರ ಹೊತ್ತಿಗೆ ಒಂದು ಬೇಸಿಗೆ ರಜೆಯಲ್ಲಿ ಅವಳು ಅಂಗಡಿಯ ಅಡುಗೆಮನೆಗೆ ಬಂದು, ನನ್ನ ಏಪ್ರನ್ನನ್ನು ಎರಡು ಸುತ್ತು ಸುತ್ತಿ ಕಟ್ಟಿಕೊಂಡು, 'ಕ್ಯಾನ್ ಐ ಡೂ ದ ಬ್ಯಾಟರ್, ಅಮ್ಮ?' ಎಂದು ಕೇಳಿದಳು. 'ನಿನಗ್ಯಾಕೆ ಪುಟ್ಟಿ? ಇದು ಮಾವನ ಮನೆ ಹಿಟ್ಟು. ನೀನು ಓದ್ಕೋ ಹೋಗು' ಎಂದೆ. ಕುಡ್ತೆಯನ್ನು ಮುಟ್ಟಲು ಬಂದ ಕೈಯನ್ನು ಮೆಲ್ಲಗೆ ಸರಿಸಿದ್ದೂ ನೆನಪಿದೆ. ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ ಹೋದಳು. ಮತ್ತೆ ಕೇಳಲಿಲ್ಲ. ನಾನೂ ಮರೆತೆ.

ಅಣ್ಣನ ಮಗ ದೊಡ್ಡವನಾಗಿ, ಓದಿ, ಸ್ಯಾನ್ ರಮೋನಿನಲ್ಲೇ ಕೆಲಸಕ್ಕೆ ಸೇರಿದ. ಒಂದು ಒಳ್ಳೆಯ ಸಂಬಂಧ ಬಂತು. ನನಗೆ ಖುಷಿ ತಡೆಯಲಾಗದೆ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಾಲ್ಕು ಜನರಿಗೆ ಹೇಳಿಬಿಟ್ಟೆ. ಆ ನಾಲ್ವರು ನಲವತ್ತು ಜನರಿಗೆ ಹೇಳಿದರು. ಹುಡುಗಿಯ ಮನೆಯವರು ಇನ್ನೂ ಒಪ್ಪಿರಲಿಲ್ಲ, ಮುಜುಗರವಾಗಿ ಹಿಂದೆ ಸರಿದರು. ಅಣ್ಣ ಆರು ತಿಂಗಳು ನನಗೆ ಮುಖ ಕೊಟ್ಟು ಮಾತಾಡಲಿಲ್ಲ. 'ನಿನ್ನ ಬಾಯಿಂದ ನನ್ನ ಮಗನ ಮದುವೆ ನಿಂತ್ಹೋಯ್ತು' ಎಂದು ಎಲ್ಲರ ಮುಂದೆ ಅಂದ. ಮುಂದಿನ ಸಲ ಏನೇ ಆದರೂ ಬಾಯಿಗೆ ಬೀಗ ಹಾಕಿಕೊಳ್ಳುತ್ತೇನೆ ಎಂದು ಅಣ್ಣನ ಮುಂದೆಯೇ ಆಣೆ ಇಟ್ಟೆ. ಅಣ್ಣ ನನ್ನ ಆ ಆಣೆಯನ್ನೇ ಹಿಡಿದು ನನ್ನ ಕಿವಿಗೆ ಹೂವಿಟ್ಟ.

ಎರಡು ವರ್ಷದ ಹಿಂದೆ ಒಂದು ಮಂಗಳವಾರ ಬೆಳಿಗ್ಗೆ ಅವನು ಒಬ್ಬ ಹುಡುಗಿಯನ್ನು ಅಡುಗೆಮನೆಗೆ ಕರೆದುಕೊಂಡು ಬಂದ. ಇಪ್ಪತ್ತೇಳು ಇಪ್ಪತ್ತೆಂಟು ಇರಬಹುದು, ಲಕ್ಷಣವಾಗಿದ್ದಳು. ಇಲ್ಲೇ ಹುಟ್ಟಿದವಳು, ತಂದೆ ತಾಯಿ ಮೈಸೂರಿನವರು. 'ಇವಳು ಸ್ವಲ್ಪ ದಿನ ಬರ್ತಾಳೆ. ಹಿಟ್ಟಿನ ಕೆಲಸ ಎಲ್ಲಾ ತೋರ್ಸು, ಏನೂ ಮುಚ್ಚಿಡ್ಬೇಡ' ಎಂದ.

ನಾನು ಅವನನ್ನು ಮೀನಿಡುವ ಕೋಲ್ಡ್ ರೂಮಿನ ಹತ್ತಿರಕ್ಕೆ ಎಳೆದುಕೊಂಡು ಹೋದೆ. 'ನಮ್ಮ ಹುಡುಗನಿಗಾ?' ಎಂದು ಪಿಸುಗುಟ್ಟಿದೆ.

ಅಣ್ಣ ನನ್ನ ಮುಖ ನೋಡಿದ. ಆಮೇಲೆ ಬಾಗಿಲಿನ ಹಿಡಿಕೆ ನೋಡಿದ. 'ಈ ಸಲನಾದ್ರೂ ಯಾರ ಹತ್ರಾನೂ ಬಾಯಿ ಬಿಡ್ಬೇಡ ಮಾರಾಯ್ತಿ. ಅವಳ ಹತ್ರಾನೂ ಏನೂ ಕೇಳ್ಬೇಡ' ಎಂದ.

ಸಾಕಲ್ಲ ನನಗೆ! ಹೆಣ್ಣು ನೋಡುವ ಶಾಸ್ತ್ರವನ್ನು ಇಷ್ಟು ಜಾಣತನದಿಂದ ಯಾರಾದರೂ ಮಾಡಿದ್ದಾರೆಯೇ ಎಂದು ಅಣ್ಣನ ಬುದ್ಧಿಗೆ ಮನಸ್ಸಿನಲ್ಲೇ ಭೇಷ್ ಎಂದೆ. ಉಪ್ಪಿಟ್ಟು ಕೇಸರಿಬಾತು ಇಟ್ಟುಕೊಂಡು ಸೋಫಾದ ಮೇಲೆ ಕೂತು ನೋಡುವುದರಲ್ಲಿ ಏನು ತಿಳಿಯುತ್ತದೆ? ಕೆಲಸ ಮಾಡುವಾಗ ನೋಡಬೇಕು. ನಾನು ನೋಡಿದೆ. ಪಾತ್ರೆಯನ್ನು ತಳದಿಂದ ಬಳಿಯುತ್ತಿದ್ದಳು, ಬಟ್ಟೆ ಹಿಂಡಿ ಹರವುತ್ತಿದ್ದಳು, ಕೆಲಸದವರೊಂದಿಗೆ ಏರುದನಿಯಲ್ಲಿ ಮಾತಾಡುತ್ತಿರಲಿಲ್ಲ. ನೂರಕ್ಕೆ ತೊಂಬತ್ತು ಕೊಟ್ಟೆ. ನಕ್ಷತ್ರ ಕೇಳಲಿಲ್ಲ, ಅಷ್ಟು ಬುದ್ಧಿ ಇತ್ತು. ಆದರೂ ತಡೆಯಲಾಗದೆ ಒಮ್ಮೆ, 'ಸ್ಯಾನ್ ರಮೋನ್ ಕಡೆ ಮನೆ ಆದ್ರೆ ಆಗುತ್ತಾ ನಿಂಗೆ?' ಎಂದು ಕೇಳಿದೆ. 'ಟೂ ಹಾಟ್ ಆಂಟಿ' ಎಂದು ನಕ್ಕಳು. ಎಸಿ ಇರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮೂರು ವಾರ ಕಲಿಸಿದೆ. ನನ್ನ ಜೀವನದಲ್ಲಿ ಯಾರಿಗೂ ಅಷ್ಟು ಪ್ರೀತಿಯಿಂದ ಏನನ್ನೂ ಹೇಳಿಕೊಟ್ಟಿಲ್ಲ. ಅಕ್ಕಿ ಎಷ್ಟು ಹೊತ್ತು ನೆನೆಯಬೇಕು, ಚಳಿಯಲ್ಲಿ ಪಾತ್ರೆಯನ್ನು ಎಲ್ಲಿ ಇಡಬೇಕು, ಹುಳಿ ಸಾಕಾಯಿತೆಂದು ಮೂಗಿಗೆ ಹೇಗೆ ಗೊತ್ತಾಗುತ್ತದೆ, ಮೈದಾ ಬಿದ್ದ ಮೇಲೆ ಯಾಕೆ ಹೆಚ್ಚು ಕಲಸಬಾರದು, ಎಲ್ಲ. ಅವಳು ಚೀಲದಲ್ಲಿ ಒಂದು ಪುಟ್ಟ ತೂಕದ ಯಂತ್ರ, ಒಂದು ಥರ್ಮಾಮೀಟರು ತರುತ್ತಿದ್ದಳು. ಕುಡ್ತೆಯಲ್ಲಿ ಅಳೆದ ಅಕ್ಕಿಯನ್ನು ಮತ್ತೆ ಅದರ ಮೇಲೆ ಸುರಿದು ಬರೆದುಕೊಳ್ಳುತ್ತಿದ್ದಳು. ಈಗಿನ ಕಾಲದ ಸೊಸೆಯಂದಿರು ಹೀಗೆಯೇ ಎಂದುಕೊಂಡೆ. ನನ್ನ ಕೈಯ ಫೋಟೋ ತೆಗೆದಾಗ, ತಾಯಿಗೆ ತೋರಿಸಲು ಇರಬೇಕು ಎಂದುಕೊಂಡು ಬಳೆ ಸರಿಮಾಡಿಕೊಂಡೆ.

ಕೊನೆಯ ದಿನ ಅವಳು, 'ಥ್ಯಾಂಕ್ಯೂ ಆಂಟಿ, ನಾಳೆಯಿಂದ ಬರಲ್ಲ' ಎಂದಳು. ಇನ್ನು ಹಿರಿಯರ ಮಾತುಕತೆ ಶುರುವಾಗುತ್ತದೆ ಎಂದುಕೊಂಡೆ. ಕುಂಕುಮ ಹಚ್ಚಿ, ರವಿಕೆ ಕಣ ಕೊಟ್ಟು, ಅದರ ಮೇಲೆ ಅಮ್ಮನ ಕುಡ್ತೆ ಇಟ್ಟೆ. ನಿಶ್ಚಯ ಆಗುವ ಮುಂಚೆ ಕೊಡಬಾರದೆಂದು ಗೊತ್ತಿತ್ತು. ಆದರೆ ಅಮ್ಮ ಹೋಗಿ ಆಗ ಒಂದು ವರ್ಷವಾಗಿತ್ತು, ಅವಳ ಮಾತು ತೀರಿಸುವ ಅವಸರ ನನಗೆ. 'ನಮ್ಮಮ್ಮಂದು. ಇನ್ಮೇಲೆ ನಿಂದು' ಎಂದೆ. ಹುಡುಗಿ ಕಣ್ಣು ಒದ್ದೆ ಮಾಡಿಕೊಂಡು ನನ್ನನ್ನು ತಬ್ಬಿಕೊಂಡಳು.

ಅಣ್ಣ ಬಾಗಿಲಲ್ಲಿ ನಿಂತಿದ್ದ. ಕುಡ್ತೆ ಕೈಯಿಂದ ಕೈಗೆ ಹೋಗುವುದನ್ನು ನೋಡಿದ. ಆಲೂಗಡ್ಡೆಯ ಮೂಟೆ ಬಂತೇ ಎಂದು ಕೇಳಿ ಹೊರಗೆ ಹೋದ.

ಮರುದಿನ ಅಂಗಡಿಗೆ ನೆಲದ ರಿಪೇರಿ, ಎರಡು ವಾರ ರಜ ಎಂದು ಫೋನು ಮಾಡಿದ. ನಿಶ್ಚಿತಾರ್ಥದ ಓಡಾಟ ಇರಬೇಕು ಎಂದು ನಾನು ಒಂದು ರೇಷ್ಮೆ ಸೀರೆಗೆ ಫಾಲ್ ಹೊಲಿಯಲು ಕೂತೆ. ಯಜಮಾನರಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಅಷ್ಟು ಕಟ್ಟುನಿಟ್ಟಾಗಿ ನಾನು ಬದುಕಿನಲ್ಲಿ ಇನ್ನಾವ ಗುಟ್ಟನ್ನೂ ಕಾಪಾಡಿಲ್ಲ.

ಎರಡನೆಯ ಸೋಮವಾರ ದೇವಸ್ಥಾನದಲ್ಲಿ, ಅದೇ ಪ್ರಸಾದದ ಸಾಲಿನಲ್ಲಿ, ಪರಿಚಯದ ಹೆಂಗಸೊಬ್ಬರು ನನ್ನನ್ನು ಕಂಡು ಹುಬ್ಬೇರಿಸಿದರು. 'ಏನ್ರೀ, ನೀವಿಲ್ಲಿದ್ದೀರಾ? ಇವತ್ತು ನಿಮ್ಮ ಅಂಗಡಿ ಓಪನ್ ಇದ್ಯಲ್ಲ! ನಮ್ಮನೆಯವ್ರು ಆಫೀಸಿಂದ ಫೋಟೋ ಕಳ್ಸಿದ್ರು, ಲಂಚಿಗೆ ಅಲ್ಲೇ ಇದ್ದಾರೆ.'

'ಇವತ್ತು ಸೋಮವಾರ ಕಣ್ರೀ' ಎಂದೆ. ಅವರು ಫೋಟೋ ತೋರಿಸಿದರು. ನಮ್ಮ ಮೇಜು, ನಮ್ಮ ಕಿಟಕಿ, ಹೊಸ ಬಣ್ಣದ ಕಾಗದದಲ್ಲಿ ಸುತ್ತಿದ ಮೀನು.

ಕೈಯಲ್ಲಿದ್ದ ಪುಳಿಯೋಗರೆಯ ದೊನ್ನೆಯನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಫ್ರೀವೇ ಹತ್ತಿದೆ. ಫಾಸ್ಟರ್ ಸಿಟಿ ತಲುಪುವವರೆಗೂ ಏನೇನೋ ನೆಪ ಹೊಂದಿಸಿಕೊಂಡೆ. ಕೆಲಸದವರು ತಿಳಿಯದೆ ತೆರೆದಿರಬಹುದು. ಅಣ್ಣನಿಗೆ ಗೊತ್ತಿಲ್ಲದಿರಬಹುದು. ಬಾಗಿಲಿನ 'ಸೋಮವಾರ ರಜ' ಬೋರ್ಡು ಇರಲಿಲ್ಲ, ಅದನ್ನು ತೂಗಿಹಾಕಿದ್ದ ಎರಡು ಮೊಳೆ ಹಾಗೇ ಇದ್ದವು. ಒಳಗೆ ಕೌಂಟರಿನ ಹಿಂದೆ ಆ ಹುಡುಗಿ ಏಪ್ರನ್ ಕಟ್ಟಿಕೊಂಡು ನಿಂತಿದ್ದಳು. ಅವಳ ಹಿಂದಿನ ಕಪಾಟಿನಲ್ಲಿ ಅಮ್ಮನ ಕುಡ್ತೆ ಪಳಪಳ ಹೊಳೆಯುತ್ತಿತ್ತು.

'ಆಂಟಿ! ಬನ್ನಿ, ಬನ್ನಿ!' ಎಂದು ಅವಳು ಓಡಿಬಂದಳು. ನನ್ನ ಮುಖ ನೋಡಿ ನಿಂತಳು. 'ಅಂಕಲ್ ಹೇಳಿಲ್ವಾ? ಐ ಥಾಟ್ ಯು ನ್ಯೂ. ಹಿ ಸೆಡ್ ಯು ನ್ಯೂ.'

ಮೂರು ನಾಲ್ಕು ಊರುಗಳಲ್ಲಿ ಹೋಟೆಲು ನಡೆಸುವ ಒಂದು ಕಂಪನಿಗೆ ಅಣ್ಣ ಅಂಗಡಿಯನ್ನು ಮಾರಿದ್ದ. ಹಿಟ್ಟಿನ ಸಮೇತ ಕೊಟ್ಟರೆ ಮಾತ್ರ ಕೊಳ್ಳುತ್ತೇವೆ ಎಂದಿದ್ದರಂತೆ. ಅವಳು ಅವರ ಮ್ಯಾನೇಜರು, ಕಲಿಯಲೆಂದು ಕಳಿಸಿದ್ದರು. ಅಣ್ಣನ ಮಗನನ್ನು ಅವಳು ಕಂಡೇ ಇರಲಿಲ್ಲ. ಆಮೇಲೆ ಅವನಿಗೆ ಫೋನು ಮಾಡಿದಾಗ ಅವನೂ, 'ಹೂ ಈಸ್ ಶಿ, ಅತ್ತೆ?' ಎಂದ.

ಹುಡುಗಿಯ ಮೇಲೆ ಕೂಗಾಡಲಿಲ್ಲ. ಅವಳ ತಪ್ಪೇನಿತ್ತು? ಕುಡ್ತೆಯನ್ನು ವಾಪಸೂ ಕೇಳಲಿಲ್ಲ, ಕೊಟ್ಟವಳು ನಾನೇ. ಹೊರಗೆ ಬಂದು ಕಾರಿನಲ್ಲಿ ಕೂತು, ತಣ್ಣಗಾದ ಪುಳಿಯೋಗರೆಯನ್ನು ಅಳುತ್ತ ತಿಂದೆ. ದುಃಖದಲ್ಲಿ ಊಟ ಸೇರುವುದಿಲ್ಲ ಎನ್ನುತ್ತಾರೆ, ನನಗೆ ಸೇರಿತು. ಒಂದಗುಳೂ ಬಿಡಲಿಲ್ಲ.

ಅಲ್ಲಿಂದ ನೇರ ಅಣ್ಣನ ಮನೆಗೆ ಹೋದೆ. ಅವನು ಹಿತ್ತಲಲ್ಲಿ ಗಿಡಗಳಿಗೆ ನೀರು ಬಿಡುತ್ತಿದ್ದ. ನನ್ನನ್ನು ಕಂಡು ಪೈಪು ಕೆಳಗಿಟ್ಟ.

'ಹೇಳ್ಬೇಕು ಅಂತಾನೇ ಇದ್ದೆ. ನಂಗೂ ಮಂಡಿ ಕೈಕೊಟ್ಟಿದೆ. ಮಗನಿಗೆ ಅಂಗಡಿ ಬೇಡ. ನಿಂಗೆ ಬರ್ಬೇಕಾದ ದುಡ್ಡಲ್ಲಿ ಮೋಸ ಮಾಡಲ್ಲ' ಎಂದ.

ಹಣದ ವಿಷಯದಲ್ಲಿ ಅವನು ಮೋಸ ಮಾಡಲಿಲ್ಲ, ಅದನ್ನು ಬರೆಯುವುದು ನ್ಯಾಯ. ಆದರೆ ನಾನು ಅದನ್ನು ಕೇಳಲು ಹೋಗಿರಲಿಲ್ಲ. 'ನಮ್ಮ ಹುಡುಗನಿಗಾ ಅಂತ ಕೇಳಿದ್ನಲ್ಲ ಅಣ್ಣ' ಎಂದೆ.

'ನೀನಾಗೇ ಅಂದ್ಕೊಂಡೆ. ನಾನು ಹೂಂ ಅಂದ್ನಾ?'

'ಇಲ್ಲ ಅಂದ್ಯಾ?'

ನೀರು ಅವನ ಚಪ್ಪಲಿಯ ಸುತ್ತ ನಿಲ್ಲುತ್ತಿತ್ತು. 'ಕೇಳಿದ್ರೆ ನೀನು ಹಿಟ್ಟಿನ ಗುಟ್ಟು ಕೊಡ್ತಿದ್ಯಾ, ಹೇಳು' ಎಂದ. ಕೊಡುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಜಗಳ ಆಡಿ, ಅತ್ತು, ಅಮ್ಮನ ಆಣೆ ಹಾಕಿ ವ್ಯಾಪಾರವನ್ನೇ ಕೆಡಿಸುತ್ತಿದ್ದೆ. ಅಂಗಡಿ ಅವನದು, ಮಾರಲಿ. ಅದನ್ನು ಎಂದಾದರೂ ನುಂಗಿಕೊಂಡೇನು. ನನಗೆ ನುಂಗಲಾಗದ್ದು ಬೇರೆ.

'ನಾನು ಕುಡ್ತೆ ಕೊಡೋವಾಗ ನೀನು ಬಾಗಿಲಲ್ಲೇ ನಿಂತಿದ್ದೆ. ಒಂದು ಮಾತು ಹೇಳ್ಬಾರ್ದಿತ್ತಾ?'

ಅಣ್ಣ ಹೋಗಿ ನಲ್ಲಿ ನಿಲ್ಲಿಸಿ ಬಂದ. 'ಏನಂತ ಹೇಳ್ಲಿ? ನೀನು ಅಷ್ಟು ಖುಷಿಯಾಗಿದ್ದೆ' ಎಂದ.

ಅವನ ಮನೆಯ ಮೆಟ್ಟಿಲನ್ನು ಆಮೇಲೆ ನಾನು ತುಳಿದಿಲ್ಲ. ಹಬ್ಬಕ್ಕೆ ಅತ್ತಿಗೆ ಫೋನು ಮಾಡುತ್ತಾಳೆ, ಅವಳಿಗೆ ಉತ್ತರ ಕೊಡುತ್ತೇನೆ. ಅವನು ಪಕ್ಕದಲ್ಲೇ ಇರುತ್ತಾನೆಂದು ಕೆಮ್ಮಿನಿಂದ ಗೊತ್ತಾಗುತ್ತದೆ.

ಗೋಡೆಯ ಚರಿತ್ರೆಯ ಫೋಟೋವನ್ನು ಮಗಳು ತೋರಿಸಿದ ವಾರವೇ, ಒಂದು ಶನಿವಾರ, ಆ ಹುಡುಗಿ ನಮ್ಮ ಅಪಾರ್ಟ್‌ಮೆಂಟಿಗೆ ಬಂದಳು. ಕಾಗದದಲ್ಲಿ ಸುತ್ತಿದ ಕುಡ್ತೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. 'ನಮ್ಮಮ್ಮ ಶಾಪಿಗೆ ಬಂದಿದ್ರು ಆಂಟಿ. ಇದನ್ನ ನೋಡಿ ಯಾರು ಕೊಟ್ರು, ಹೇಗೆ ಕೊಟ್ರು ಅಂತ ಕೇಳಿದ್ರು. ಹೇಳ್ದೆ. ದಿಸ್ ಈಸ್ ಫಾರ್ ಎ ಡಾಟರ್ ಇನ್ ಲಾ, ಇವತ್ತೇ ವಾಪಸ್ ಕೊಟ್ಟು ಬಾ ಅಂತ ಬೈದ್ರು. ಐ ಆ್ಯಮ್ ಸೋ ಸಾರಿ.' ಕಾಫಿ ಕೊಟ್ಟೆ. ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದಳು. ಎಂಥ ಒಳ್ಳೆಯ ಸೊಸೆಯಾಗುತ್ತಿದ್ದಳು ಎಂದು ಆಗಲೂ ಅನಿಸಿತು.

ಕಾಗದ ಬಿಚ್ಚಿ ಕುಡ್ತೆಯನ್ನು ತಿರುವಿ ನೋಡಿದೆ. ತಳದಲ್ಲಿ ಒಂದು ಬಿಳಿ ಸ್ಟಿಕರು. ಅದರ ಮೇಲೆ ಅಚ್ಚುಕಟ್ಟಾದ ಅಕ್ಷರದಲ್ಲಿ: ಅಕ್ಕಿ, ಇನ್ನೂರ ಹದಿನೆಂಟು ಗ್ರಾಂ. ಅವರಿಗೆ ಇನ್ನು ಕುಡ್ತೆ ಬೇಕಿಲ್ಲ. ಉಗುರಿನಿಂದ ಕೆರೆದೆ, ಅಂಚು ಮಾತ್ರ ಎದ್ದಿತು.

ಮಗಳು ಸೋಫಾದಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಅವಳಿಗೀಗ ಸ್ವಂತ ಮನೆ ಇದೆ, ವಾರಕ್ಕೊಮ್ಮೆ ಬರುತ್ತಾಳೆ. ಆ ಮಧ್ಯಾಹ್ನ ನಾನು ಅಣ್ಣನಿಗೆ ಬೈದದ್ದಕ್ಕೆ ಲೆಕ್ಕವಿಲ್ಲ. ಅಮ್ಮ ನನ್ನ ಕೈಗೆ ನಂಬಿ ಕೊಟ್ಟದ್ದನ್ನು ಯಾರೋ ದಾರಿಯಲ್ಲಿ ಹೋಗುವವಳಿಗೆ ಕೊಡಿಸಿದ, ಮನೆಯ ಹೆಣ್ಣಿಗೆ ಸೇರಬೇಕಾದ್ದು ಎಂದು ಮತ್ತೆ ಮತ್ತೆ ಅಂದೆ.

'ಅಮ್ಮ, ಐ ಆಸ್ಕ್ಡ್ ಯು' ಎಂದಳು ಮಗಳು. ದನಿ ಏರಿಸಲಿಲ್ಲ. 'ಐ ವಾಸ್ ಫೋರ್ಟೀನ್. ನೀನು ಬೇಡ ಅಂದೆ.'

ನನಗೆ ಮೊಳೆಗೆ ನೇತುಹಾಕಿದ ಏಪ್ರನ್ ಕಣ್ಣಿಗೆ ಬಂತು. ಮೂರು ವಾರ ಪರಿಚಯವಿದ್ದ ಹುಡುಗಿಗೆ ಮುಚ್ಚಿಡದೆ ಕಲಿಸಿದ್ದನ್ನು, ಹೊಟ್ಟೆಯಲ್ಲಿ ಹುಟ್ಟಿದವಳಿಗೆ ನಾನು ಕಲಿಸಿರಲಿಲ್ಲ. ಅದಕ್ಕೆ ಅಣ್ಣ ನನ್ನನ್ನು ಮೋಸಗೊಳಿಸಬೇಕಾಗಿ ಬರಲಿಲ್ಲ. ಅಮ್ಮ ಹಾಗೆ ಹೇಳಿದ್ದಳು ಎನ್ನಲು ಹೋಗಿ, ಮತ್ತೆ ಆ ಸ್ಟಿಕರನ್ನು ಕೆರೆದೆ.

ಮಗಳು ಎದ್ದು ಬಂದು ಕುಡ್ತೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅದನ್ನು ಬೋರಲು ಹಾಕಿ, ಸ್ಟಿಕರಿನ ಮೇಲೆ ಬರೆದದ್ದನ್ನು ಓದಿ, ತನ್ನ ಫೋನಿನಲ್ಲಿ ಬರೆದುಕೊಂಡಳು.